ಕ್ಲೀನ್ ಮಾಡಿದ ಮೇಲೂ ಕಂಪ್ಯೂಟರ್ ಕಾಯುತ್ತಿದೆಯೇ? ಪ್ರೊಸೆಸರ್ ಬದಲಿಸುವ ಮುನ್ನ ಇಷ್ಟು ನೋಡಿ

ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದೆ ಎಂದು ಕ್ಯಾಬಿನೆಟ್ ಬಿಚ್ಚಿದ್ದಾಯಿತು. ಬ್ಲೋವರ್ ಹಿಡಿದು, ಹೀಟ್‌ಸಿಂಕ್ ಕಳಚಿ, ಹಳೇ ಬ್ರಷ್‌ನಿಂದ ಧೂಳು ತೆಗೆದು ಮತ್ತೆ ಜೋಡಿಸಿದ್ದೂ ಆಯಿತು. ಆನ್ ಮಾಡಿದರೆ ಐದೇ ನಿಮಿಷದಲ್ಲಿ ಮೆಷಿನ್ ಆಫ್. ಧೂಳು ತುಂಬಿದ್ದಾಗ ಸದ್ದು ಮಾಡಿಕೊಂಡಾದರೂ ಓಡುತ್ತಿದ್ದದ್ದು, ಕ್ಲೀನ್ ಮಾಡಿದ ಮೇಲೆ ಓಡುವುದೇ ಇಲ್ಲ. ಆಗ ಸಾಮಾನ್ಯವಾಗಿ ಬರುವ ತೀರ್ಮಾನ ಒಂದೇ: 'ಪ್ರೊಸೆಸರ್ ಹೋಯಿತು, ಬೋರ್ಡ್ ಸಮೇತ ಬದಲಿಸಬೇಕು.' ಹೆಚ್ಚಿನ ಸಲ ಈ ತೀರ್ಮಾನ ತಪ್ಪು. ಹೋದದ್ದು ಪ್ರೊಸೆಸರ್ ಅಲ್ಲ, ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಸಂಬಂಧ. ನೂರಿನ್ನೂರು ರೂಪಾಯಿಯ ಪೇಸ್ಟ್ ಮತ್ತು ಅರ್ಧ ಗಂಟೆ ತಾಳ್ಮೆಯಲ್ಲಿ ಸರಿಯಾಗುವ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಬಹಳ ಮಂದಿ.

ಈ ಸಮಸ್ಯೆ ಹೆಚ್ಚು ಕಾಡುವ ಊರುಗಳಲ್ಲಿ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು ಒಂದು. ಕೌತಾಳಂ ಮಂಡಲದ ಉರುಕುಂದ, ಕೋಸಿಗಿ, ಆದೋನಿ ಇವೆಲ್ಲ ರಾಯಚೂರು, ಬಳ್ಳಾರಿಗೆ ತಾಗಿದ ಸೀಮೆ. ಕನ್ನಡ ಮಾತಾಡುವ ಮನೆಗಳಿಗೆ ಅಲ್ಲಿ ಕೊರತೆಯಿಲ್ಲ. ಎರೆ ಮಣ್ಣಿನ ನೆಲ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಸಾಲದ್ದಕ್ಕೆ ಹತ್ತಿ. ಆದೋನಿ ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಜಿನ್ನಿಂಗ್ ಮಿಲ್‌ಗಳ ಸುತ್ತ ಗಾಳಿಯಲ್ಲೇ ಹತ್ತಿಯ ಎಳೆ ತೇಲುತ್ತದೆ. ಈ ಎಳೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಸಿಕ್ಕಿಕೊಂಡರೆ ಅದರ ಮೇಲೆ ಮಣ್ಣಿನ ಧೂಳು ಕೂತು ಕಂಬಳಿಯ ಹಾಗೆ ಆಗುತ್ತದೆ. ಉರುಕುಂದದಲ್ಲಿ ಶ್ರಾವಣ ಮಾಸ ಪೂರ್ತಿ ಈರಣ್ಣ ಸ್ವಾಮಿ ದೇವಸ್ಥಾನಕ್ಕೆ ಕರ್ನಾಟಕ, ಆಂಧ್ರ, ತೆಲಂಗಾಣದಿಂದ ಜನ ಬರುತ್ತಾರೆ. ಅಂತಹ ಊರಿನಲ್ಲಿ ಝೆರಾಕ್ಸ್, ಫೋಟೋ ಪ್ರಿಂಟ್, ಟಿಕೆಟ್ ಬುಕಿಂಗ್ ಅಂಗಡಿ ಇಟ್ಟವರಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಆ ಒಂದು ತಿಂಗಳಲ್ಲೇ. ಆ ಹೊತ್ತಿಗೆ ಇರುವ ಒಂದೇ ಕಂಪ್ಯೂಟರ್ ಮಲಗಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಮತ್ತೆ ತಿರುಗಿ ನೋಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಸೈಬರ್ ಸೆಂಟರ್, ಬಿಲ್ಲಿಂಗ್ ಕೌಂಟರ್ ನಡೆಸುವವರ ಪಾಡೂ ಇದೇ. ಧೂಳಿನ ಜಾಗದಲ್ಲಿ ಸೆಖೆ ಮತ್ತು ತೇವ, ಅಷ್ಟೇ ವ್ಯತ್ಯಾಸ.

ಮೊದಲು ಒಂದು ಮಾತು. ನಮ್ಮಲ್ಲಿ ಇಡೀ ಡಬ್ಬವನ್ನೇ 'ಸಿಪಿಯು' ಅನ್ನುತ್ತಾರೆ. ಇಲ್ಲಿ ಪ್ರೊಸೆಸರ್ ಎಂದರೆ ಮದರ್‌ಬೋರ್ಡ್ ಮೇಲೆ ಕೂರುವ ಬೆಂಕಿಪೊಟ್ಟಣದಷ್ಟಗಲದ ಚಿಪ್ ಮಾತ್ರ.

ಬಿಸಿ ಹೊರಗೆ ಹೋಗುವ ದಾರಿ

ಚಿಪ್‌ನ ಶಾಖ ಮೊದಲು ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟ್ ಮೂಲಕ ಹೀಟ್‌ಸಿಂಕ್‌ಗೆ, ಹೀಟ್‌ಸಿಂಕ್‌ನ ರೆಕ್ಕೆಗಳಿಂದ ಫ್ಯಾನ್ ಗಾಳಿಗೆ, ಕೊನೆಗೆ ಕ್ಯಾಬಿನೆಟ್‌ನಿಂದ ಹೊರಗೆ ಹೋಗಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದೆಲ್ಲ ವ್ಯರ್ಥ. ಕ್ಲೀನ್ ಮಾಡುವವರು ಕೊನೆಯ ಎರಡು ಕೊಂಡಿಗಳನ್ನು ಸರಿಮಾಡುವ ಭರದಲ್ಲಿ ನಡುವಿನ ಕೊಂಡಿಯನ್ನು ಕಡಿದುಬಿಡುತ್ತಾರೆ.

ಪ್ರೊಸೆಸರ್ ಮುಚ್ಚಳವೂ ಹೀಟ್‌ಸಿಂಕ್‌ನ ತಳವೂ ಕಣ್ಣಿಗೆ ಕನ್ನಡಿಯಂತೆ ನುಣುಪಾಗಿ ಕಂಡರೂ ನಿಜದಲ್ಲಿ ಉಬ್ಬುತಗ್ಗು ಇದ್ದೇ ಇರುತ್ತದೆ. ಎರಡನ್ನೂ ಒತ್ತಿ ಹಿಡಿದರೂ ನಡುವೆ ಗಾಳಿ ಉಳಿಯುತ್ತದೆ. ಶಾಖ ಸಾಗಿಸುವುದರಲ್ಲಿ ಗಾಳಿ ಶುದ್ಧ ಸೋಮಾರಿ. ಅದರ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್ ಮಾತ್ರ. ಅಲ್ಯೂಮಿನಿಯಂನದ್ದು 200ಕ್ಕೂ ಹೆಚ್ಚು, ತಾಮ್ರದ್ದು 400ರ ಹತ್ತಿರ. ಥರ್ಮಲ್ ಪೇಸ್ಟ್‌ನದ್ದು ಕಂಪನಿಗಳು ಹೇಳುವ ಲೆಕ್ಕದಲ್ಲೇ 4ರಿಂದ 8ರ ಆಸುಪಾಸು. ಲೋಹಕ್ಕೆ ಹೋಲಿಸಿದರೆ ಪೇಸ್ಟ್ ಏನೂ ಅಲ್ಲ, ಆದರೆ ಗಾಳಿಗಿಂತ ನೂರಾರು ಪಟ್ಟು ಉತ್ತಮ. ಪೇಸ್ಟ್‌ನ ಕೆಲಸ ಗಾಳಿ ಇರುವ ಸಂದುಗಳನ್ನು ತುಂಬುವುದಷ್ಟೇ. ಆದ್ದರಿಂದ ಪೇಸ್ಟ್ ಇಲ್ಲದಿದ್ದರೂ ತೊಂದರೆ, ದೋಸೆಗೆ ಬೆಣ್ಣೆ ಬಳಿದಂತೆ ದಪ್ಪಗೆ ಬಳಿದರೂ ತೊಂದರೆ.

ವರ್ಷಗಟ್ಟಲೆ ಓಡಿದ ಮೆಷಿನ್‌ನಲ್ಲಿ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಒಣಗಿದರೂ ಅದು ತನ್ನ ಜಾಗದಲ್ಲಿ ಕಚ್ಚಿಕೊಂಡಿರುವ ತನಕ ಹೇಗೋ ಕೆಲಸ ನಡೆಯುತ್ತದೆ. ಹೀಟ್‌ಸಿಂಕ್ ಎತ್ತಿದ ಕ್ಷಣ ಅದು ಒಡೆದು ಅರ್ಧ ಮೇಲೆ, ಅರ್ಧ ಕೆಳಗೆ ಉಳಿಯುತ್ತದೆ. ಹಾಗೇ ವಾಪಸ್ ಇಟ್ಟರೆ ಗಟ್ಟಿ ಚೂರುಗಳ ಮೇಲೆ ಹೀಟ್‌ಸಿಂಕ್ ನಿಂತು ಸುತ್ತ ಗಾಳಿ ತುಂಬಿಕೊಳ್ಳುತ್ತದೆ. ಕ್ಲೀನ್ ಮಾಡಿದ ಮೇಲೆ ಬಿಸಿ ಹೆಚ್ಚಾಗುವ ಒಗಟಿನ ಉತ್ತರ ಬಹುಪಾಲು ಇಲ್ಲೇ ಇದೆ. ಹೀಟ್‌ಸಿಂಕ್ ಒಮ್ಮೆ ಎತ್ತಿದರೆ ಹೊಸ ಪೇಸ್ಟ್ ಹಾಕಲೇಬೇಕು. 'ಇನ್ನೂ ಹಸಿ ಇದೆ, ನಡೆಯುತ್ತದೆ' ಎನ್ನುವ ಮಾತು ಬೇಡ.

ಹಳೆಯದನ್ನು ಎರಡೂ ಕಡೆಯಿಂದ ಪೂರ್ತಿ ಒರೆಸಬೇಕು. ಇದಕ್ಕೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸರಿಯಾದದ್ದು, ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಉಳಿದಿದೆ ಎಂದು ಅದನ್ನು ಬಳಸಬೇಡಿ. ಅದರಲ್ಲಿ ನೀರು ಮತ್ತು ಕೈಗೆ ಮೃದುವಾಗಲಿ ಎಂದು ಸೇರಿಸಿದ ಗ್ಲಿಸರಿನ್ ಇರುತ್ತದೆ, ಒರೆಸಿದ ಜಾಗದಲ್ಲಿ ಪದರ ಬಿಡುತ್ತದೆ. ಪೆಟ್ರೋಲ್, ಥಿನ್ನರ್ ಹತ್ತಿರವೂ ಸುಳಿಯಬಾರದು. ಒರೆಸಲು ಎಳೆ ಬಿಡದ ಬಟ್ಟೆ ಅಥವಾ ಕನ್ನಡಕ ಒರೆಸುವ ಬಟ್ಟೆ ಸಾಕು. ಹತ್ತಿ ಉಂಡೆ ಬೇಡ, ಆದೋನಿಯ ಕಷ್ಟ ಪ್ರೊಸೆಸರ್ ಮೇಲೇ ಶುರುವಾಗುತ್ತದೆ.

ನಂತರ ಮುಚ್ಚಳದ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್. ಹೀಟ್‌ಸಿಂಕ್ ನೇರವಾಗಿ ಇಳಿಸಿ ಒತ್ತಿದರೆ ಅದೇ ಹರಡಿಕೊಳ್ಳುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದ ಈಚಿನ ಉದ್ದನೆಯ ಪ್ರೊಸೆಸರ್‌ಗಳಿಗೆ ಒಂದು ಕಾಳಿನ ಬದಲು ಉದ್ದಕ್ಕೆ ತೆಳ್ಳಗಿನ ಗೆರೆ ಎಳೆಯುವುದು ಒಳ್ಳೆಯದು. ಟೂತ್‌ಪೇಸ್ಟ್ ಹಾಕಿದರೂ ಆಗುತ್ತದೆ ಎಂದು ವಿಡಿಯೋ ತೋರಿಸುವವರಿದ್ದಾರೆ. ಆಗುವುದು ಹೌದು, ಅದರ ನೀರು ಆರುವ ತನಕ ಮಾತ್ರ. ಇನ್ನು ಲಿಕ್ವಿಡ್ ಮೆಟಲ್ ಎಂದು ಸಿಗುವ ದುಬಾರಿ ವಸ್ತುವಿನಲ್ಲಿ ಗ್ಯಾಲಿಯಂ ಇರುತ್ತದೆ. ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಅಂಗಡಿಯ ಮೆಷಿನ್‌ಗೆ ಅದರ ಅಗತ್ಯವೇ ಇಲ್ಲ.

ನಾಲ್ಕು ಪಿನ್ನುಗಳ ಕಥೆ

ಪೇಸ್ಟ್ ಹೊಸದು ಹಾಕಿದ್ದೇವೆ, ಆದರೂ ಕಾಯುತ್ತಿದೆ ಎನ್ನುವವರು ಮುಂದೆ ನೋಡಬೇಕಾದದ್ದು ಹೀಟ್‌ಸಿಂಕ್ ಕೂತ ಬಗೆಯನ್ನು. ಇಂಟೆಲ್ ಜೊತೆಗೆ ಬರುವ ದುಂಡನೆಯ ಕೂಲರ್‌ಗೆ ಸ್ಕ್ರೂ ಇಲ್ಲ, ನಾಲ್ಕು ಮೂಲೆಯಲ್ಲಿ ಒತ್ತುವ ಪ್ಲಾಸ್ಟಿಕ್ ಪಿನ್. 2004ರ ಎಲ್‌ಜಿಎ 775 ಕಾಲದಿಂದ ಇಂದಿನ ತನಕ ಇದೇ ಪದ್ಧತಿ. ಹೊಸಬರನ್ನು ಇದರಷ್ಟು ಸತಾಯಿಸಿದ ಇನ್ನೊಂದು ಭಾಗ ಕಂಪ್ಯೂಟರ್‌ನಲ್ಲಿ ಇಲ್ಲ ಎನ್ನಬಹುದು.

ಪಿನ್ನಿನ ತಲೆಯ ಮೇಲೆ ಒಂದು ಬಾಣದ ಗುರುತು ಇರುತ್ತದೆ. ಆ ದಿಕ್ಕಿಗೆ ತಿರುಗಿಸುವುದು ಬಿಚ್ಚಲಿಕ್ಕೆ. ಹೆಚ್ಚಿನವರು ಬಾಣ ಕಂಡೊಡನೆ ಅದು ಬಿಗಿಮಾಡುವ ದಿಕ್ಕು ಎಂದುಕೊಳ್ಳುತ್ತಾರೆ. ಬಿಚ್ಚುವಾಗ ತಿರುಗಿಸಿದ ಪಿನ್ನುಗಳನ್ನು ವಾಪಸ್ ಕೂರಿಸುವ ಮೊದಲು ಬಾಣದ ವಿರುದ್ಧ ದಿಕ್ಕಿಗೆ ಪೂರ್ತಿ ತಿರುಗಿಸಿ ಮೊದಲಿನ ಸ್ಥಿತಿಗೆ ತರಬೇಕು, ಕಪ್ಪು ತಲೆಯನ್ನು ಮೇಲಕ್ಕೆ ಎಳೆದಿಡಬೇಕು. ಮರೆತರೆ ಒತ್ತಿದಾಗ ಒಳಗೆ ಹೋಗುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಒಂದು ಮೂಲೆ ಎದ್ದರೆ ಹೀಟ್‌ಸಿಂಕ್ ಓರೆಯಾಗಿ ನಿಂತು ಮುಚ್ಚಳದ ಅರ್ಧ ಭಾಗಕ್ಕೆ ಮಾತ್ರ ತಾಗುತ್ತದೆ.

ಕೂರಿಸುವಾಗ ಎದುರುಬದುರಿನ ಮೂಲೆಗಳನ್ನು ಜೋಡಿಯಾಗಿ ಒತ್ತಿ. ಪ್ರತಿಯೊಂದಕ್ಕೂ 'ಟಿಕ್' ಎಂದು ಕೇಳಬೇಕು. ಕೇಳಿದರೂ ಅಷ್ಟಕ್ಕೆ ನಂಬಬಾರದು. ಸಾಧ್ಯವಾದರೆ ಮದರ್‌ಬೋರ್ಡ್ ಹೊರಗೆ ತೆಗೆದು ಹಿಂಬದಿ ನೋಡಿ. ನಾಲ್ಕೂ ತೂತಿನಲ್ಲಿ ಬಿಳಿ ಪ್ಲಾಸ್ಟಿಕ್ ಕಾಲು ಪೂರ್ತಿ ಹೊರಬಂದು ಎರಡಾಗಿ ಅಗಲಿರಬೇಕು, ನಡುವೆ ಕಪ್ಪು ಕಡ್ಡಿ ಕಾಣಬೇಕು. ಒಂದರಲ್ಲಿ ಕಪ್ಪು ಕಾಣದಿದ್ದರೆ ಅಲ್ಲೇ ಕಳ್ಳ ಸಿಕ್ಕಿದ ಹಾಗೆ. ಬಿಸಿಗೆ ಹಳೇ ಪ್ಲಾಸ್ಟಿಕ್ ಸೆಟೆದು ಮುರಿಯುವುದೂ ಇದೆ. ಪಿನ್ನುಗಳು ಬಿಡಿಯಾಗಿ ಸಿಗುತ್ತವೆ. ತಂತಿ ಸುತ್ತಿ ಕಟ್ಟುವುದು, ರಬ್ಬರ್ ಬ್ಯಾಂಡ್ ಹಾಕುವುದು ದಯವಿಟ್ಟು ಬೇಡ.

ಇನ್ನೊಂದು ವಿಷಯ ಅಂಗಡಿಯವರೂ ಗಮನಿಸುವುದು ಕಡಿಮೆ. ಎಲ್ಲಾ ಇಂಟೆಲ್ ಕೂಲರ್‌ಗಳೂ ಒಂದೇ ಅಲ್ಲ. ಎಲ್‌ಜಿಎ 775ರಲ್ಲಿ ತೂತುಗಳ ಅಂತರ 72 ಮಿಲಿಮೀಟರ್, 1155ರಿಂದ 1200ರ ತನಕ 75, 2021ರಲ್ಲಿ ಬಂದ 1700ರಲ್ಲಿ 78. ಮೂರು ಮಿಲಿಮೀಟರ್ ಏನು ಮಹಾ ಎಂದು ಬಗ್ಗಿಸಿ ತುರುಕಿದರೆ ಪಿನ್ ಹೋದೀತು, ಒತ್ತಡ ಬೀಳದು. ಜೊತೆಗೆ ಕೆಲವು ಕೂಲರ್‌ಗಳ ತಳದಲ್ಲಿ ತಾಮ್ರದ ತುಂಡು ಇರುತ್ತದೆ, ಕೆಲವು ಬರೀ ಅಲ್ಯೂಮಿನಿಯಂ. ಕ್ಲೀನಿಂಗ್‌ಗೆ ಕೊಟ್ಟ ಮೆಷಿನ್ ಬೇರೆ ಕೂಲರ್ ಹೊತ್ತು ವಾಪಸ್ ಬಂದಿದ್ದರೆ ಬಿಸಿ ಹೆಚ್ಚಾಗುವುದರಲ್ಲಿ ಆಶ್ಚರ್ಯವಿಲ್ಲ. ಕೊಡುವ ಮುಂಚೆ ಮೊಬೈಲ್‌ನಲ್ಲಿ ಒಳಗಿನ ಫೋಟೋ ತೆಗೆದಿಟ್ಟುಕೊಂಡರೆ ಮತ್ತೆ ಜಗಳ ಇಲ್ಲ.

ಎಎಮ್‌ಡಿ ಮೆಷಿನ್‌ನಲ್ಲಿ ಕೂಲರ್ ಲಿವರ್ ಅಥವಾ ಸ್ಕ್ರೂ ಮೂಲಕ ಕೂರುವುದರಿಂದ ಒತ್ತಡದ ತಕರಾರು ಕಡಿಮೆ. ಅಲ್ಲಿ ಅಪಾಯ ಬಿಚ್ಚುವಾಗ. ಎಎಮ್4 ಸಾಕೆಟ್‌ನ ರೈಝನ್‌ಗಳಲ್ಲಿ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಜೊತೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಅಡಿಯ ಪಿನ್ನುಗಳು ಬಾಗುತ್ತವೆ. ಹತ್ತು ನಿಮಿಷ ಮೆಷಿನ್ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ನೇರ ಎತ್ತದೆ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಬೇಕು. 2022ರ ಎಎಮ್5ರಲ್ಲಿ ಪಿನ್ನುಗಳು ಸಾಕೆಟ್‌ಗೆ ಹೋಗಿರುವುದರಿಂದ ಈ ಭಯ ಇಲ್ಲ.

ಫ್ಯಾನ್ ವೈರ್ ಎಲ್ಲಿ ಸಿಕ್ಕಿಸಿದ್ದೀರಿ ಎಂಬುದನ್ನೂ ನೋಡಿ. ಬೋರ್ಡ್ ಮೇಲೆ 'ಸಿಪಿಯು ಫ್ಯಾನ್' ಎಂದು ಬರೆದ ನಾಲ್ಕು ಪಿನ್ನಿನ ಜಾಗದಲ್ಲೇ ಇರಬೇಕು. ಪಕ್ಕದ 'ಸಿಸ್ಟಮ್ ಫ್ಯಾನ್' ಜಾಗಕ್ಕೆ ಹಾಕಿದರೆ ಫ್ಯಾನ್ ತಿರುಗಬಹುದು, ಆದರೆ ಪ್ರೊಸೆಸರ್ ಬಿಸಿಗೆ ತಕ್ಕಂತೆ ವೇಗ ಏರುವುದಿಲ್ಲ. ಫ್ಯಾನನ್ನು ಹೀಟ್‌ಸಿಂಕ್‌ನಿಂದ ಬೇರೆ ಮಾಡಿ ತೊಳೆದವರು ತಿರುಗುಮುರುಗಾಗಿ ಕೂರಿಸಿಲ್ಲ ತಾನೇ? ಈ ಕೂಲರ್‌ಗಳಲ್ಲಿ ಗಾಳಿ ಬೋರ್ಡ್ ಕಡೆಗೆ ಕೆಳಮುಖವಾಗಿ ಬೀಸಬೇಕು. ಹೊಸ ಕೂಲರ್ ತಂದಿದ್ದರೆ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರೋ ಇಲ್ಲವೋ. ನಗಬೇಡಿ, ಇದು ಪಳಗಿದವರಿಗೂ ಆಗುತ್ತದೆ.

ಊಹೆ ಬೇಡ, ಅಳೆಯಿರಿ

ಮೆಷಿನ್ ಆಫ್ ಆಗುತ್ತಿದೆ ಎಂದ ಮಾತ್ರಕ್ಕೆ ಬಿಸಿಯೇ ಕಾರಣ ಎನ್ನಲಾಗದು. ವೋಲ್ಟೇಜ್ ಏರುಪೇರು, ಸತ್ತ ಯುಪಿಎಸ್ ಬ್ಯಾಟರಿ, ಸುಸ್ತಾದ ಎಸ್‌ಎಮ್‌ಪಿಎಸ್ ಕೂಡ ಇದನ್ನೇ ಮಾಡುತ್ತವೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಎಂದು ಕಂಡರೆ ಅದರ ಅರ್ಥ ಮೆಷಿನ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ, ಕಾರಣ ಅದು ಹೇಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕೂಲರ್ ಓರೆಯಾಗಿದ್ದಕ್ಕೆ ವಿಂಡೋಸ್ ಫಾರ್ಮ್ಯಾಟ್ ಮಾಡಿ ಐದು ವರ್ಷದ ಬಿಲ್ಲು, ಗಿರಾಕಿಗಳ ಲೆಕ್ಕ ಕಳೆದುಕೊಳ್ಳುವುದು ಬೇಡ.

ಎಚ್‌ಡಬ್ಲ್ಯೂ ಇನ್ಫೋ, ಕೋರ್ ಟೆಂಪ್ ಇಂತಹ ಸಾಫ್ಟ್‌ವೇರ್ ಮನೆ ಬಳಕೆಗೆ ಉಚಿತವಾಗಿ ಸಿಗುತ್ತವೆ. ತೆರೆದಿಟ್ಟು, ಮೊದಲು ಏನೂ ಮಾಡದೆ ಹತ್ತು ನಿಮಿಷ ಬಿಟ್ಟು ನೋಡಿ, ಆಮೇಲೆ ಭಾರದ ಕೆಲಸ ಕೊಡಿ. ಇಲ್ಲಿ ಅಂಕಿಗಿಂತ ಅದು ಏರುವ ಬಗೆ ಮುಖ್ಯ. ಕೆಲಸ ಕೊಟ್ಟ ಎರಡು-ಮೂರು ಸೆಕೆಂಡಿನಲ್ಲೇ 45ರಿಂದ 95ಕ್ಕೆ ಹಾರಿತೆಂದರೆ ಶಾಖ ಹೀಟ್‌ಸಿಂಕ್‌ಗೆ ದಾಟುತ್ತಲೇ ಇಲ್ಲ. ಪೇಸ್ಟ್ ಅಥವಾ ಪಿನ್ ತೊಂದರೆ. ಹತ್ತು-ಹದಿನೈದು ನಿಮಿಷದಲ್ಲಿ ನಿಧಾನಕ್ಕೆ ಏರಿತೆಂದರೆ ಹೀಟ್‌ಸಿಂಕ್ ತನ್ನ ಕೆಲಸ ಮಾಡುತ್ತಿದೆ, ಗಾಳಿ ಸಾಲುತ್ತಿಲ್ಲ. ಇನ್ನೂ ಸುಲಭದ ಪರೀಕ್ಷೆ ಇದೆ. ಸಾಫ್ಟ್‌ವೇರ್ 95 ತೋರಿಸುವಾಗ ಮೆಷಿನ್ ಆಫ್ ಮಾಡಿ, ಫ್ಯಾನ್ ನಿಂತ ಕೂಡಲೇ ಹೀಟ್‌ಸಿಂಕ್‌ನ ಅಂಚನ್ನು ಜಾಗ್ರತೆಯಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಸಂಪರ್ಕ ಸರಿಯಿಲ್ಲ. ಸುಡುವಂತಿದ್ದರೆ ಗಾಳಿಯ ಸಮಸ್ಯೆ.

ಎಷ್ಟು ಡಿಗ್ರಿ ಸರಿ? ಇಂಟೆಲ್ ಕೋರ್ ಐ5 12400ರ ಗರಿಷ್ಠ ಮಿತಿ 100 ಡಿಗ್ರಿ, ರೈಝನ್ 5 5600ರದ್ದು 90, ರೈಝನ್ 5 7600ರದ್ದು 95. ಇದು ಮುಟ್ಟಬಾರದ ಗೋಡೆ, ದಿನನಿತ್ಯದ ಗುರಿ ಅಲ್ಲ. ನೆನಪಿಡಬೇಕಾದ್ದೇನೆಂದರೆ ಫ್ಯಾನ್ ಕೂಲರ್ ಯಾವತ್ತೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಉರುಕುಂದದ ತಗಡಿನ ಸೂರಿನ ಅಂಗಡಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇದ್ದರೆ, ಖಾಲಿ ಕೂತ ಪ್ರೊಸೆಸರ್ 55 ತೋರಿಸುವುದು ರೋಗವಲ್ಲ. ಅದೇ 55 ಎಸಿ ಕೋಣೆಯಲ್ಲಿ ಬಂದರೆ ಯೋಚಿಸಬೇಕು. ಬಯಾಸ್ ಪರದೆಯಲ್ಲಿ ಕಾಣುವ ಅಂಕಿ ವಿಂಡೋಸ್‌ನಲ್ಲಿ ಖಾಲಿ ಇದ್ದಾಗಿನದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಬಯಾಸ್‌ನಲ್ಲಿ ಪ್ರೊಸೆಸರ್ ನಿದ್ದೆ ಮಾಡುವುದಿಲ್ಲ.

ಖಾಲಿ ಇದ್ದಾಗಲೂ ಬಿಸಿ ಇಳಿಯದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಬಳಕೆ ಎಷ್ಟಿದೆ ನೋಡಿ. ಪೆನ್‌ಡ್ರೈವ್‌ನಲ್ಲಿ ಬಂದ ಕದ್ದ ಸಾಫ್ಟ್‌ವೇರ್ ಜೊತೆ ಗುಟ್ಟಾಗಿ ಕ್ರಿಪ್ಟೋ ಕಾಯಿನ್ ಗಣಿಗಾರಿಕೆ ಮಾಡುವ ಪ್ರೋಗ್ರಾಮ್ ಬಂದು ಕೂತಿದ್ದರೆ, ಯಾವ ಪೇಸ್ಟ್ ಹಾಕಿದರೂ ಫಲವಿಲ್ಲ.

ಮಿತಿ ಮುಟ್ಟಿದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದರ ಮೇಲೂ ಏರಿದರೆ ಆಫ್ ಆಗುತ್ತದೆ. ಮೊದಲು ಹೀಗಿರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿರುವ ಕಂಪ್ಯೂಟರ್‌ಗಳಿಂದ ಹೀಟ್‌ಸಿಂಕ್ ಕಿತ್ತು ಪರೀಕ್ಷೆ ಮಾಡಿದಾಗ ಪೆಂಟಿಯಂ 4 ನಿಧಾನವಾಗಿ ಬದುಕಿಕೊಂಡಿತು, ಅಂದಿನ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಈಗ ಎರಡೂ ಕಂಪನಿಯ ಚಿಪ್‌ಗಳಲ್ಲಿ ರಕ್ಷಣೆ ಒಳಗೇ ಇದೆ. ಆದ್ದರಿಂದಲೇ ಎರಡು ಸಲ ಬಿಸಿಯಾಗಿ ಆಫ್ ಆದ ಮೆಷಿನ್‌ನ ಪ್ರೊಸೆಸರ್ ಸತ್ತಿದೆ ಎಂಬ ಮಾತನ್ನು ಸುಲಭಕ್ಕೆ ಒಪ್ಪಬೇಡಿ. ಬೇರೆ ಬೋರ್ಡ್‌ನಲ್ಲಿ ಹಾಕಿ ತೋರಿಸಲು ಹೇಳಿ.

ಲ್ಯಾಪ್‌ಟಾಪ್‌ನಲ್ಲಿ ಬೇರೆ ಲೆಕ್ಕ

ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಬ್ಲೋವರ್ ಹಿಡಿದರೆ ಫ್ಯಾನ್‌ಗೂ ರೆಕ್ಕೆಗಳಿಗೂ ನಡುವೆ ಕೂತ ಧೂಳಿನ ಚಾಪೆ ಜಾಗ ಬಿಟ್ಟು ಕದಲುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಬಿಚ್ಚುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಬಿಗಿಮಾಡುವಾಗ ಆ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಬೇಕು. ಪಕ್ಕದ ಚಿಕ್ಕ ಚಿಪ್‌ಗಳ ಮೇಲೆ ಇರುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದರೆ ಅದೇ ದಪ್ಪದ ಪ್ಯಾಡ್ ತರಬೇಕು. ದಪ್ಪದ್ದು ಹಾಕಿದರೆ ಹೀಟ್‌ಸಿಂಕ್ ಎತ್ತಿಹಿಡಿದಂತಾಗಿ ಪ್ರೊಸೆಸರ್‌ಗೆ ತಾಗುವುದಿಲ್ಲ, ಪ್ಯಾಡ್ ಇದ್ದಲ್ಲಿ ಪೇಸ್ಟ್ ಬಳಿದರೆ ಆ ಚಿಪ್‌ಗೆ ತಾಗುವುದಿಲ್ಲ. ಆನ್‌ಲೈನ್ ಕ್ಲಾಸ್ ಹೆಸರಲ್ಲಿ ಹಾಸಿಗೆ ಮೇಲೆ ಇಟ್ಟು ಓಡಿಸಿದರೆ ಎಲ್ಲ ಸರಿಯಿದ್ದೂ ಕಾಯುತ್ತದೆ.

ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಟಯರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರು ಮತ್ತು ಎಣ್ಣೆ ಇರುತ್ತದೆ. ಮಂಗಳೂರು, ಉಳ್ಳಾಲ ಕಡೆಯ ತೇವಕ್ಕೆ ಅದು ಸೇರಿದರೆ ಬೋರ್ಡ್‌ನಲ್ಲಿ ತುಕ್ಕು ಶುರು. ಹತ್ತಿ ಸೀಮೆಯಲ್ಲಿ ಅಕ್ಟೋಬರ್ ನಂತರದ ಸೀಸನ್‌ನಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ಹೊರಗಿನ ಜಾಲರಿ ಒರೆಸಬೇಕು, ಆದರೆ ಪ್ರತಿ ಸಲ ಹೀಟ್‌ಸಿಂಕ್ ಎತ್ತುವ ಅಗತ್ಯವಿಲ್ಲ. ಎತ್ತದಿದ್ದರೆ ಪೇಸ್ಟ್ ಒಡೆಯುವ ಪ್ರಶ್ನೆಯೂ ಇಲ್ಲ. ಕ್ಯಾಬಿನೆಟ್ ನೆಲದ ಮೇಲೆ, ಬಾಗಿಲ ಬಳಿ ಇಡದೆ ಒಂದೆರಡು ಅಡಿ ಎತ್ತರದಲ್ಲಿ, ಹಿಂಬದಿ ಗೋಡೆಗೆ ತಾಗದಂತೆ ಇಟ್ಟರೆ ಅರ್ಧ ಧೂಳು ಒಳಗೇ ಬರುವುದಿಲ್ಲ.

ಜಾತ್ರೆ ನಡೆಯುತ್ತಿದೆ, ಪೇಸ್ಟ್ ತರಲು ಆದೋನಿಗೆ ಹೋಗಲು ಪುರುಸೊತ್ತಿಲ್ಲ ಎನ್ನುವವರಿಗೆ ಒಂದು ತಾತ್ಕಾಲಿಕ ದಾರಿ ಇದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ ತೆರೆದು 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 100ರಿಂದ 99ಕ್ಕೆ ಇಳಿಸಿದರೆ ಹೆಚ್ಚಿನ ಮೆಷಿನ್‌ಗಳಲ್ಲಿ ಟರ್ಬೋ ವೇಗ ನಿಲ್ಲುತ್ತದೆ. ಮೇಲೆ ಹೇಳಿದ ಐ5 12400 ಮೂಲ ವೇಗದಲ್ಲಿ 65 ವ್ಯಾಟ್ ಲೆಕ್ಕದ್ದು, ಟರ್ಬೋದಲ್ಲಿ 117ರ ತನಕ ಎಳೆಯುತ್ತದೆ. ಬಿಲ್, ಝೆರಾಕ್ಸ್, ಅರ್ಜಿ ತುಂಬುವ ಕೆಲಸಕ್ಕೆ ಆ ವೇಗ ಬೇಕಾಗಿಯೂ ಇಲ್ಲ. ಮಾಡುವ ಮೊದಲು ಟ್ಯಾಲಿ ಡೇಟಾ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ. ಪಿನ್ ಕಚ್ಚಿಲ್ಲದ ಕೂಲರ್‌ಗೆ ಮಾತ್ರ ಈ ಉಪಾಯವೂ ನಡೆಯದು, ಅದನ್ನು ಆ ರಾತ್ರಿಯೇ ಬಿಚ್ಚಿ ಕೂರಿಸಬೇಕು.